ಎಡಪಕ್ಕೆಯ ಉರಿ

ನನ್ನ ಮೈಯಲ್ಲಿ ಎಡ ಎದೆಯ ಕೆಳಗೆ ಶುರುವಾಗಿ, ಕಂಕುಳಡಿ ಹಾದು, ಬೆನ್ನುಮೂಳೆಯವರೆಗೆ ನಾಲ್ಕು ಬೆರಳಗಲದ ಒಂದು ಪಟ್ಟಿ ಇದೆ. ನೋಡುವವರಿಗೆ ಏನೂ ಕಾಣುವುದಿಲ್ಲ. ಅಲ್ಲಲ್ಲಿ ಬಿಳಿಚಿದ ಸಣ್ಣ ಕಲೆಗಳು, ಅಷ್ಟೇ. ಕೈ ಮುರಿದಿದ್ದರೆ, ಕಾಲು ಸೊರಗಿದ್ದರೆ ಜನ ಅಯ್ಯೋ ಅನ್ನುತ್ತಾರೆ. ಕಾಣದ ನೋವಿಗೆ ಯಾರೂ ಅಯ್ಯೋ ಅನ್ನುವುದಿಲ್ಲ, ಮುಖ ನೋಡುತ್ತಾರೆ. ಗಂಡನ ಜೊತೆ ಬಾಳಿದ್ದಕ್ಕಿಂತ ಹೆಚ್ಚು ಕಾಲ ನಾನು ಈ ಪಟ್ಟಿಯ ಜೊತೆ ಬಾಳಿದ್ದೇನೆ. ಅವರು ಹೋದರು, ಇದು ಹೋಗಲಿಲ್ಲ.

ನಾನು ಹುಟ್ಟಿದ್ದು ತಮಿಳುನಾಡಿನ ನಿಲಕ್ಕೋಟ್ಟೈ ಕಡೆಯ ಒಂದು ಹೂವಿನ ತೋಟದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಕೊಂಬೈಗೆ, ವೀಳ್ಯದೆಲೆ ಬೆಳೆಯುವವರ ಮನೆಗೆ. ಎರಡೂ ಮನೆಗಳಲ್ಲಿ ಆಡುವ ಮಾತು ಕನ್ನಡ, ಓದು ಬರಹ ಎಲ್ಲ ತಮಿಳು. ಈ ಅಕ್ಷರಗಳನ್ನು ನಾನು ಕಲಿತದ್ದು ತಲೆ ನರೆತ ಮೇಲೆ, ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾಗ, ಮೊಮ್ಮಗನ ಒಂದನೇ ತರಗತಿಯ ಪುಸ್ತಕ ಮುಂದಿಟ್ಟುಕೊಂಡು. ಬರೆದದ್ದರಲ್ಲಿ ತಪ್ಪಿದ್ದರೆ ಅವನನ್ನು ಕೇಳಿ.

ಮದುವೆಗೆ ಮುಂಚೆ ದಿಂಡುಗಲ್ಲಿನಲ್ಲಿ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಅರುವತ್ತರ ದಶಕದ ನಡುವೆ ಕೊಂಬೈಗೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೆಡ್‌ಮಾಸ್ಟರು ಮತ್ತು ನಾನು, ಇಬ್ಬರೇ. ತವರಿನಲ್ಲಾಗಲೀ ಅತ್ತೆ ಮನೆಯಲ್ಲಾಗಲೀ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಹೆಂಗಸು ನನಗಿಂತ ಮುಂಚೆ ಇರಲಿಲ್ಲ. ಎರಡು ವರ್ಷ ನೋಡಿ ಆಮೇಲೆ ಖಾಯಂ ಮಾಡುತ್ತಾರೆ. ಅಲ್ಲಿಯ ತನಕ ಮೈಯಲ್ಲಿ ಆರೋಗ್ಯವಿಲ್ಲ ಎಂದು ಒಂದು ಕಾಗದ ಬಿದ್ದರೂ ಮನೆಗೆ ಕಳಿಸಿಬಿಡುತ್ತಾರೆ. ಆ ಕೆಲಸದ ಮೇಲೆ ನನಗೆ ಬಹಳ ಆಸೆ ಇತ್ತು, ಯಾಕೆಂದರೆ ಅದಿಲ್ಲದ ಬದುಕು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಲೆ ಜೋಡಿಸುವುದು, ಕಟ್ಟು ಕಟ್ಟುವುದು, ಒದ್ದೆ ಬಾಳೆನಾರಿನ ವಾಸನೆಯ ಕೈಯಲ್ಲೇ ಅನ್ನ ಕಲಸುವುದು. ನನಗೆ ಅದು ಬೇಡವಾಗಿತ್ತು.

ಒಂದೂವರೆ ವರ್ಷ ಕಳೆದಿತ್ತು. ಬೇಸಿಗೆ ರಜ. ಎಡಪಕ್ಕೆಯಲ್ಲಿ ಯಾರೋ ಚಿವುಟಿದ ಹಾಗೆ ಎರಡು ದಿನ ಆಯಿತು, ಮೂರನೆಯ ದಿನ ಗುಳ್ಳೆಗಳು ಎದ್ದವು. ಅತ್ತೆ ಸೆರಗು ಸರಿಸಿ ನೋಡಿದರು.

"ಇದು ಅಕ್ಕಿ ಕಣೆ ಮಗಳೆ. ಡಾಕ್ಟರು ಬ್ಯಾಡ. ಬರೆಸಿದ್ರೆ ಸೀಕ್ರ ಹೋಯ್ತದೆ" ಎಂದರು.

ನಮ್ಮ ಕಡೆ ಈ ರೋಗದ ಹೆಸರು ಅಕ್ಕಿ. ಉಣ್ಣುವ ಅಕ್ಕಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಮೈಸೂರಿನಲ್ಲಿ ಇದನ್ನೇ ಸರ್ಪಸುತ್ತು ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಇದಕ್ಕೆ ನಮ್ಮಲ್ಲಿ ಮದ್ದು ಕೊಡುವುದಿಲ್ಲ, ಕುಂಬಾರರು ಬಂದು ಮೈಮೇಲೆ ಬರೆಯುತ್ತಾರೆ. ಗಂಡಸಿನ ಕೈಯಲ್ಲಿ ಎದೆಯ ಮೇಲೆ ಬರೆಸಿಕೊಳ್ಳುವಂತಿಲ್ಲವಲ್ಲ, ಕುಂಬಾರರ ಮನೆಯ ಮುದುಕಿ ಬಂದಳು. ಕಾವಿಮಣ್ಣನ್ನು ನೀರಿನಲ್ಲಿ ಕಲಸಿ, ಕೋಳಿಪುಕ್ಕ ಅದ್ದಿ, ಗುಳ್ಳೆಗಳ ಸುತ್ತ ಗೆರೆ ಎಳೆದು, ಬೆನ್ನಿನ ಮೇಲೊಂದು ಸಿಂಹ ಬರೆದಳು. ಸಿಂಹ ಹೇಗಿತ್ತೋ ನಾನು ಕಾಣೆ, ಬೆನ್ನಲ್ಲವೇ. ಬೆಕ್ಕಿನ ಹಾಗಿತ್ತು ಎಂದು ನನ್ನ ಗಂಡ ಆಮೇಲೆ ಹೇಳಿದರು. ಮಣ್ಣು ತಣ್ಣಗಿತ್ತು, ಹಾಯಾಗಿತ್ತು. ಮೂರು ಸಲ ಬರೆದಳು. ಅಷ್ಟು ದಿನ ಮೈಗೆ ನೀರು ಹಾಕಿಕೊಳ್ಳಲಿಲ್ಲ, ಎಲೆತೋಟದ ಒಳಗೆ ಕಾಲಿಡಲಿಲ್ಲ. ಮೈಲಿಗೆಯ ಮೈ ಹೋದರೆ ಬಳ್ಳಿ ಕೊಳೆಯುತ್ತದೆಂದು ನಂಬಿಕೆ.

ಎಲ್ಲ ಮುಗಿದ ಮೇಲೆ ಅತ್ತೆ ಒಂದು ಕಟ್ಟಳೆ ಹೇಳಿದರು. ಅವರ ತವರಿನಿಂದ ಬಂದದ್ದಂತೆ.

"ಬರೆಸ್ಕೊಂಡ ಅಪ್ಪುರ ನೋವು ಅಂತ ಬಾಯಲ್ಲಿ ಹೇಳ್ಬಾರ್ದು. ಹೇಳಿದ್ರೆ ಅದು ತಿರುಗಿ ಬತ್ತದೆ. ಮನೇಲಿ ಇನ್ನೊಬ್ರಿಗೂ ಬತ್ತದೆ."

ಗುಳ್ಳೆ ಒಣಗಿತು, ಹಕ್ಕಳೆ ಉದುರಿತು. ಮುದುಕಿಗೆ ಸೀರೆ, ವೀಳ್ಯ ಕೊಟ್ಟು ಕಳಿಸಿದೆವು. ನೋವು ಮಾತ್ರ ಹಾಗೇ ಉಳಿಯಿತು.

ಆ ನೋವನ್ನು ಹೇಗೆಂದು ಹೇಳಲಿ. ಗುದ್ದಿದರೆ ಅಷ್ಟು ನೋಯುತ್ತಿರಲಿಲ್ಲ, ಸವರಿದರೆ ಪ್ರಾಣ ಹೋಗುತ್ತಿತ್ತು. ಒತ್ತಿ ಹಿಡಿದರೆ ತಡೆಯಬಹುದು, ನೂಲಿನ ಬಟ್ಟೆ ಮೆಲ್ಲಗೆ ಉಜ್ಜಿದರೆ ಬಿಸಿ ಬಾಣಲೆಗೆ ಮೈ ತಾಗಿಸಿದಂತೆ ಉರಿ. ಕೆಲವೊಮ್ಮೆ ಯಾರೂ ಮುಟ್ಟದೆ, ಯಾವ ಕಾರಣವೂ ಇಲ್ಲದೆ, ಒಳಗಿನಿಂದ ಸೂಜಿ ಹೊಕ್ಕಂತೆ ಒಂದು ಛಳಕು ಹಾಯುತ್ತಿತ್ತು. ಕೈಯಲ್ಲಿದ್ದದ್ದು ಜಾರಿ ಬೀಳುತ್ತಿತ್ತು. ಮನೆಯಲ್ಲಿ ಎರಡು ಗಡಿಗೆ, ಒಂದು ಲಾಂದ್ರದ ಗಾಜು ಹಾಗೆ ಒಡೆದೆ. "ಓದಿದವಳ ಕೈಗೆ ಗಡಿಗೆ ನಿಲ್ಲೋದಿಲ್ಲ" ಎಂದು ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೋವು ಎಂದು ಹೇಳುವ ಹಾಗಿರಲಿಲ್ಲವಲ್ಲ.

ಎಲ್ಲಕ್ಕಿಂತ ದೊಡ್ಡ ಪೀಡೆ ರವಿಕೆ. ಹೊಲಿಗೆ ಸರಿಯಾಗಿ ಆ ಪಟ್ಟಿಯ ಮೇಲೆ ಕೂರುತ್ತಿತ್ತು. ಮನೆಯಲ್ಲಿ ರವಿಕೆ ತೊಡುವುದನ್ನೇ ಬಿಟ್ಟೆ. ನಮ್ಮ ಅತ್ತೆ ಜೀವಮಾನದಲ್ಲಿ ರವಿಕೆ ತೊಟ್ಟವರಲ್ಲ. ಆ ಕಾಲದ ಹಿರಿಯ ಹೆಂಗಸರು ಬಹಳ ಮಂದಿ ಹಾಗೆಯೇ, ಸೆರಗು ಬಿಗಿದು ಸುತ್ತಿಕೊಂಡು ಗದ್ದೆ ತೋಟ ಸಂತೆ ಎಲ್ಲ ತಿರುಗುವವರು. ನಾನೇ ದಿಂಡುಗಲ್ಲಿನಿಂದ ಪಫ್ ತೋಳಿನ ರವಿಕೆ ಹೊಲಿಸಿಕೊಂಡು ಬಂದು ಅವರ ಕೈಯಲ್ಲಿ ಅನ್ನಿಸಿಕೊಂಡವಳು. ಈಗ ಅವರಿಗೆ ಭಾರೀ ಖುಷಿ. ಪಕ್ಕದ ಮನೆಯವರನ್ನು ಕರೆದು ತೋರಿಸಿದರು. "ಟೀಚರಮ್ಮ ದಾರಿಗೆ ಬಂದ್ಲು ನೋಡಿ" ಎಂದರು. ಅವರು ಕೆಟ್ಟವರಲ್ಲ. ನನಗೆ ಮಾತ್ರ ಆ ದಿನ ಅವರ ನಗೆ ಕಂಡರೆ ಮೈಯೆಲ್ಲ ಉರಿಯಿತು.

ಶಾಲೆ ತೆರೆಯಿತು. ರವಿಕೆ ಇಲ್ಲದೆ ಶಾಲೆಗೆ ಹೋಗುವಂತಿಲ್ಲ. ರವಿಕೆಯ ಹೊಲಿಗೆ ಬಿಚ್ಚಿ ಎಡಗಡೆ ಸಡಿಲ ಮಾಡಿ ಹೊಲಿದೆ. ಸಾಲದಾಯಿತು. ಎಳೆಯ ಸುಳಿ ಬಾಳೆಎಲೆಯನ್ನು ಕತ್ತರಿಸಿ, ಎಣ್ಣೆ ಸವರಿ, ರವಿಕೆಯ ಒಳಗೆ ಆ ಪಟ್ಟಿಯ ಮೇಲೆ ಇಟ್ಟುಕೊಂಡೆ. ಎಲೆ ತಣ್ಣಗೆ ಅಂಟಿ ಕೂತು, ಬಟ್ಟೆ ಅದರ ಮೇಲೆ ಜಾರುತ್ತಿತ್ತು. ಮಧ್ಯಾಹ್ನದ ಗಂಟೆಯವರೆಗೆ ತಡೆಯುತ್ತಿತ್ತು. ಆಮೇಲೆ ಬಾಡಿ ಸುರುಟಿ ಅದರ ಅಂಚೇ ಗೀರುತ್ತಿತ್ತು. ಮಕ್ಕಳು ಗೋಧಿ ಉಪ್ಪಿಟ್ಟಿಗೆ ಸಾಲು ನಿಂತಾಗ ನಾನು ಸಾಮಾನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹೊಸ ಎಲೆ ಇಟ್ಟುಕೊಂಡು ಬರುತ್ತಿದ್ದೆ. ನಡೆದಾಗ ಎಲೆಯ ಸಪ್ಪಳ ಬರುತ್ತಿತ್ತು. ಹಿಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ನಗಲಿ ಎಂದು ಬಿಡುತ್ತಿದ್ದೆ.

ತರಗತಿಯಲ್ಲಿ ನನ್ನ ಮೇಜನ್ನು ಗೋಡೆಗೆ ತಳ್ಳಿ, ಎಡಗಡೆ ಗೋಡೆ ಬರುವ ಹಾಗೆ ಕುರ್ಚಿ ಹಾಕಿಕೊಂಡೆ. ಮಕ್ಕಳು ಸ್ಲೇಟು ತೋರಿಸಲು ಬಲಗಡೆಯಿಂದಲೇ ಬರಬೇಕು. ಹೀಗೆ ಒಂದೊಂದಕ್ಕೂ ಉಪಾಯ ಹುಡುಕಿಕೊಂಡೆ. ನೀರಿನ ಕೊಡ ಬಲ ಸೊಂಟಕ್ಕೆ ಬದಲಾಯಿತು. ಬಸ್ಸಿನಲ್ಲಿ ಎಡಗಡೆ ಕಿಟಕಿಯ ಪಕ್ಕ ಜಾಗ ಸಿಗದಿದ್ದರೆ ಮುಂದಿನ ಬಸ್ಸು. ನನ್ನ ಗಂಡ ಮೊದಮೊದಲು ಮರೆತು ಕೈ ಇಡುತ್ತಿದ್ದರು, ನಾನು ಕಿರುಚುತ್ತಿದ್ದೆ. ಆಮೇಲೆ ಅವರು ಕೈ ಇಡುವುದನ್ನೇ ಬಿಟ್ಟರು. ಎಡಕ್ಕೂ ಬಿಟ್ಟರು, ಬಲಕ್ಕೂ ಬಿಟ್ಟರು. ಬಲಗಡೆ ನೋವಿಲ್ಲ ಎಂದು ಹೇಳಲು ನನಗೆ ನಾಚಿಕೆ, ಕೇಳಲು ಅವರಿಗೆ ಭಯ.

ಅವರೇ ಒಂದು ದಿನ ತವರಿಗೆ ಹೋಗಿಬರುತ್ತೇವೆಂದು ಅತ್ತೆಗೆ ಸುಳ್ಳು ಹೇಳಿ ನನ್ನನ್ನು ದಿಂಡುಗಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ವಯಸ್ಸಾದವರು. ಹತ್ತಿಯ ಎಳೆಯೊಂದನ್ನು ಬೆನ್ನ ಮೇಲೆ ಎಳೆದರು, ನಾನು ಎದ್ದು ನಿಂತೆ.

"ಚಿಕ್ಕವಳಿದ್ದಾಗ ಅಮ್ಮ ಬಂದಿತ್ತಾ?" ಎಂದು ಕೇಳಿದರು.

ಬಂದಿತ್ತು. ಸಿಡುಬಲ್ಲ, ನೀರುಗುಳ್ಳೆಯ ಚಿಕ್ಕ ಅಮ್ಮ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು ನೆನಪಿದೆ ಎಂದೆ.

"ಅದೇ ಇದು. ಅವತ್ತು ಅದು ಹೋಗಲಿಲ್ಲ, ನರದ ಬುಡದಲ್ಲಿ ಮಲಗಿತ್ತು. ಈಗ ಎದ್ದಿದೆ. ಕಣ್ಣಿಗೆ ಕಾಣದ ಕ್ರಿಮಿ, ವೈರಸ್ ಅನ್ನುತ್ತಾರೆ. ಹುಣ್ಣು ಮಾಯ್ದಿದೆ, ನರ ಕೆಟ್ಟಿದೆ. ಕೆಟ್ಟ ನರ ಏನೂ ಇಲ್ಲದಿದ್ದರೂ ಬೆಂಕಿ ಬೆಂಕಿ ಎಂದು ಕೂಗುತ್ತಲೇ ಇರುತ್ತದೆ."

ಎಷ್ಟು ದಿನ ಇರುತ್ತದೆ ಎಂದು ನನ್ನ ಗಂಡ ಕೇಳಿದರು. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಕೊನೆಯ ತನಕ ಎಂದರು. ಮಾತ್ರೆ, ಸೂಜಿ ಕೊಟ್ಟರು. ಸರ್ಟಿಫಿಕೇಟು ಬೇಕಾ ಎಂದು ಕೇಳಿದರು. ಬೇಡ ಎಂದು ನಾನು ತಟ್ಟನೆ ಹೇಳಿದೆ. ಅಂಥ ಕಾಗದ ಒಂದು ಇದೆ ಎಂಬುದೇ ಯಾರಿಗೂ ತಿಳಿಯಬಾರದಿತ್ತು.

ಆಡಿ ತಿಂಗಳು, ಅಂದರೆ ಆಷಾಢ, ಬಂತು. ನಮ್ಮ ಕಣಿವೆಯಲ್ಲಿ ಆ ತಿಂಗಳು ಬೆಟ್ಟದ ಕಡೆಯಿಂದ ಹಗಲಿಡೀ ಗಾಳಿ ನುಗ್ಗುತ್ತದೆ. ಬಾಳೆ ಬೀಳುತ್ತದೆ, ಹಂಚು ಹಾರುತ್ತದೆ, ಮಾತಾಡಿದರೆ ಬಾಯಿಗೆ ಮಣ್ಣು. ನನಗೆ ಅದು ನರಕದ ತಿಂಗಳು. ಸೆರಗನ್ನು ಎಷ್ಟು ಬಿಗಿದರೂ ಗಾಳಿ ಅದರೊಳಗೆ ಹೊಕ್ಕು ಬಟ್ಟೆಯನ್ನು ಪಟಪಟ ಬಡಿಯುತ್ತಿತ್ತು. ಒಂದು ದಿನ ನನ್ನ ತರಗತಿಯ ಮೇಲಿನ ಹಂಚುಗಳು ಹಾರಿಹೋದವು. ಮಕ್ಕಳನ್ನು ಜಗಲಿಗೆ ಕೂರಿಸಿ ಪಾಠ ಮಾಡಿ ಎಂದು ಹೆಡ್‌ಮಾಸ್ಟರು ಹೇಳಿದರು. ಜಗಲಿಯಲ್ಲಿ ನನ್ನ ಎಡಗಡೆಗೆ ಗೋಡೆ ಇರಲಿಲ್ಲ.

ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎಂಟು ವರ್ಷ. ನಮ್ಮವರ ಪೈಕಿಯೇ, ಅಪ್ಪ ಇಲ್ಲ, ಅವಳ ತಾಯಿ ಬೇರೆಯವರ ಎಲೆತೋಟಗಳಲ್ಲಿ ಎಲೆ ಜೋಡಿಸುವ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಆಡುವ ಮಾತನ್ನು ಟೀಚರ್ ಕೂಡ ಆಡುತ್ತಾಳೆ ಎಂಬುದೇ ಆ ಮಗುವಿಗೆ ದೊಡ್ಡ ಸಂಗತಿ. ಬೇರೆ ಮಕ್ಕಳ ಮುಂದೆ ತಮಿಳು, ನನ್ನ ಕಿವಿಯ ಹತ್ತಿರ ಬಂದಾಗ ಕನ್ನಡ. ಅವಳನ್ನು ಓದಿಸಬೇಕು, ದಿಂಡುಗಲ್ಲಿಗೆ ಕಳಿಸಬೇಕು, ನನ್ನ ಹಾಗೆ ಕುರ್ಚಿಯ ಮೇಲೆ ಕೂರಿಸಬೇಕು ಎಂದು ನಾನು ಮನಸ್ಸಿನಲ್ಲೇ ಎಲ್ಲ ನಿಶ್ಚಯ ಮಾಡಿಬಿಟ್ಟಿದ್ದೆ.

ಆ ಮಧ್ಯಾಹ್ನ ಎಲೆ ಬದಲಾಯಿಸಲು ಹೋಗಿರಲಿಲ್ಲ. ಸಾಮಾನು ಕೋಣೆಯಲ್ಲಿ ಹೆಡ್‌ಮಾಸ್ಟರು ಹಂಚು ಎಣಿಸುತ್ತಿದ್ದರು. ಒಂದು ಗಂಟೆಯಿಂದ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕಳೆಯುವ ಲೆಕ್ಕ ಕೊಟ್ಟಿದ್ದೆ. ಅವಳು ಎಲ್ಲರಿಗಿಂತ ಮೊದಲು ಮುಗಿಸಿ, ಹಿಂದಿನಿಂದ ಓಡಿ ಬಂದು, ನನ್ನ ಎಡಪಕ್ಕೆಗೆ ಪೂರ್ತಿ ಒರಗಿ, ಸೊಂಟ ತಬ್ಬಿ, "ಟೀಚರ್, ನೋಡಿ" ಎಂದಳು.

ನಾನು ಹೊಡೆದೆ. ಯೋಚಿಸಿ ಹೊಡೆಯಲಿಲ್ಲ ಎಂದು ಬರೆಯಬಹುದು, ಅದು ನಿಜವೂ ಹೌದು, ಅದರಿಂದ ಏಟು ಕಡಿಮೆಯಾಗುವುದಿಲ್ಲ. ತಿರುಗಿ ಬಲಗೈ ಬೀಸಿದೆ. ಬಳೆಗಳು ಅವಳ ಕೆನ್ನೆಯ ಮೇಲೆ ಒಡೆದವು. ಕಣ್ಣಿನ ಕೆಳಗೆ ಗಾಜು ಕೊಯ್ದು ರಕ್ತ ಬಂತು. ಅವಳು ಅಳಲಿಲ್ಲ. ಸ್ಲೇಟನ್ನು ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಲೆಕ್ಕ ನನಗೆ ಕಾಣುತ್ತಿತ್ತು. ಸರಿಯಾಗಿತ್ತು.

ಹೆಡ್‌ಮಾಸ್ಟರು ಓಡಿ ಬಂದರು. ಅವರು ಒಳ್ಳೆಯವರು, ಮಕ್ಕಳಿಗೆ ಹೊಡೆಯುವುದು ಆ ಕಾಲದಲ್ಲಿ ಅವರಿಗೂ ಹೊಸದಲ್ಲ, ಆದರೆ ರಕ್ತ ನೋಡಿ ಬೆಚ್ಚಿದರು. ಏನು ಮಾಡಿದಳು ಎಂದು ನನ್ನನ್ನು ಕೇಳಿದರು.

ಉತ್ತರ ನನ್ನ ಬಾಯಲ್ಲೇ ಇತ್ತು. ಅವಳೇನೂ ಮಾಡಲಿಲ್ಲ, ನನ್ನ ಪಕ್ಕೆಯಲ್ಲಿ ತಡೆಯಲಾಗದ ನೋವಿದೆ. ಎರಡು ಮಾತು. ಖಾಯಂ ಆಗಲು ಐದು ತಿಂಗಳಿತ್ತು. ಈ ಮಾತು ಹೇಳಿದರೆ ನಾಳೆ ಕಾಗದ ಹೋಗುತ್ತದೆ, ಮಕ್ಕಳ ಬಳಿ ಇರಲು ಯೋಗ್ಯಳಲ್ಲ ಎಂದು ಬರೆಯುತ್ತಾರೆ, ಬರೆದರೆ ತಪ್ಪೂ ಅಲ್ಲ. ಅತ್ತೆಯ ಕಟ್ಟಳೆಯೂ ಮನಸ್ಸಿನಲ್ಲಿ ಎಲ್ಲೋ ಇತ್ತು, ಬಾಯಲ್ಲಿ ಹೇಳಬಾರದು ಎಂದು. ಅದರ ಮೇಲೆ ಈಗ ಹೊರೆ ಹಾಕುವುದಿಲ್ಲ. ನನಗೆ ಆ ಕಟ್ಟಳೆಯಲ್ಲಿ ನಂಬಿಕೆ ಇರಲಿಲ್ಲ, ಅನುಕೂಲ ಇತ್ತು.

"ಲೆಕ್ಕ ತಪ್ಪು ಮಾಡಿದಳು. ಕೇಳಿದರೆ ಎದುರುತ್ತರ ಕೊಟ್ಟಳು" ಎಂದೆ.

ಮಾರನೆಯ ದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದಳು. ಮಗಳ ಕೈ ಹಿಡಿದಿದ್ದಳು, ಕಣ್ಣಿನ ಕೆಳಗೆ ಅರಿಶಿನ ಮೆತ್ತಿದ್ದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಜಗಳವಾಡಲಿ, ಬೈಯಲಿ ಎಂದು ಆಸೆಯೂ ಆಯಿತು.

"ತಪ್ಪಾಯ್ತು ಟೀಚರಮ್ಮಾ. ಮನ್ನಿಸ್ಬೇಕು" ಎಂದಳು ತಾಯಿ. "ಪಳ್ಳಿಕೂಡದಲ್ಲಿ ಎದುರು ಮಾತಾಡೋ ಅಷ್ಟು ಕೊಬ್ಬು ಇವಳಿಗೆ ಎಲ್ಲಿಂದ ಬಂತೋ. ಅಪ್ಪ ಇಲ್ದ ಕೊಳಂದೆ ಅಂತ ಮುದ್ದು ಮಾಡಿದ್ದು ನನ್ನ ತಪ್ಪು."

ಹೀಗೆ ಹೇಳಿ, ನನ್ನ ಕಣ್ಣ ಮುಂದೆ, ಅರಿಶಿನ ಮೆತ್ತಿದ ಆ ಮುಖ ಬಿಟ್ಟು ಬೆನ್ನ ಮೇಲೆ ನಾಲ್ಕು ಬಾರಿಸಿದಳು. ಎಲೆ ಕಟ್ಟುವವಳ ಕೈ, ಗಟ್ಟಿ ಕೈ. ಹೆಡ್‌ಮಾಸ್ಟರು ಸಾಕು ಬಿಡಮ್ಮ ಎಂದರು. ಹುಡುಗಿ ಒಂದೊಂದು ಏಟಿಗೂ ಒಂದು ಹೆಜ್ಜೆ ಮುಂದೆ ಬಂದಳು, ಅಷ್ಟೇ. ನನ್ನನ್ನು ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಪಕ್ಕೆಯಲ್ಲಿ ಆ ಹೊತ್ತು ನೋವೇ ಇರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ.

ಒಂದು ವಾರ ಅವಳು ಬಂದಳು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಸ್ಲೇಟು ತರಲು ಹೇಳಿದರೆ ತಂದು, ಮೇಜಿನ ತುದಿಯಲ್ಲಿ ಇಟ್ಟು, ಕೈಗೆ ಸಿಗದಷ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ನನ್ನ ಜೊತೆ ಕನ್ನಡ ಆಡುವುದನ್ನು ನಿಲ್ಲಿಸಿದಳು. ಆಮೇಲೆ ಬರಲಿಲ್ಲ. ತಾಯಿಯ ಜೊತೆ ಎಲೆ ಜೋಡಿಸಲು ಹೋಗುತ್ತಿದ್ದಾಳೆ ಎಂದು ಬೇರೆ ಮಕ್ಕಳು ಹೇಳಿದವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಿಂಗಳುಗಟ್ಟಲೆ ನಾನೇ ಸೊನ್ನೆ ಹಾಕುತ್ತಾ ಹೋದೆ, ಕೊನೆಗೆ ಹೆಡ್‌ಮಾಸ್ಟರು ಹೆಸರು ಹೊಡೆದು ಹಾಕಿದರು.

ಮಾರ್ಗಳಿಯಲ್ಲಿ, ಧನುರ್ಮಾಸದಲ್ಲಿ, ನನ್ನ ಕೆಲಸ ಖಾಯಂ ಆಯಿತು. ಅತ್ತೆ ಪಳನಿಗೆ ಹೋಗಿ ಮುಡಿ ಕೊಟ್ಟು ಬಂದರು. ಟೀಚರಮ್ಮನ ಅತ್ತೆ ಎಂದು ಬೋಳು ತಲೆಯಲ್ಲೇ ಊರೆಲ್ಲ ಮೆರೆದರು. ಇನ್ನು ಯಾವ ಕಾಗದಕ್ಕೂ ಹೆದರಬೇಕಾಗಿರಲಿಲ್ಲ. ಹೆದರಿಕೆ ಹೋದ ಮೇಲೆ ಧೈರ್ಯ ಬಂತು, ಅದಕ್ಕೆ ಧೈರ್ಯ ಎಂಬ ಹೆಸರು ಸಲ್ಲುವುದಾದರೆ. ಪೊಂಗಲ್ ಕಳೆದ ಒಂದು ಭಾನುವಾರ ಆ ಹುಡುಗಿಯ ಮನೆಗೆ ಹೋದೆ.

ತಾಯಿ ಮಗಳು ಇಬ್ಬರೂ ಅಂಗಳದಲ್ಲಿ ಗೋಣಿಚೀಲ ಹಾಸಿ ಎಲೆ ಜೋಡಿಸುತ್ತಿದ್ದರು. ಹುಡುಗಿಯ ಬೆರಳು ಆಗಲೇ ಪಳಗಿತ್ತು, ಹಣ್ಣೆಲೆ ಕಿತ್ತು ಬದಿಗೆ ಹಾಕುವ ವೇಗ ಕಣ್ಣಿಗೆ ನಿಲುಕುತ್ತಿರಲಿಲ್ಲ. ಕಣ್ಣಿನ ಕೆಳಗೆ ಗಾಯ ಮಾಯ್ದು ಬಿಳಿ ಗೆರೆ ಉಳಿದಿತ್ತು. ತಾಯಿ ಎದ್ದು ಚಾಪೆ ಹಾಸಿದಳು. ನಾನು ಕೂತು, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅಕ್ಕಿ ಎದ್ದದ್ದು, ಬರೆಸಿದ್ದು, ನೋವು ಉಳಿದದ್ದು, ಮುಟ್ಟಿಸಿಕೊಳ್ಳಲಾಗದ್ದು. ಮಗು ಪ್ರೀತಿಯಿಂದ ಬಂದು ತಬ್ಬಿದ್ದು. ಎದುರು ಮಾತಾಡಿರಲಿಲ್ಲ ಎಂಬುದನ್ನು ಕೊನೆಗೆ ಹೇಳಿದೆ.

ತಾಯಿ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟಳು.

"ಎಲ್ಲಿ" ಎಂದಳು.

ಸೆರಗು ಸರಿಸಿ ತೋರಿಸಿದೆ. ಮುಟ್ಟದೆ, ಬಗ್ಗಿ ನೋಡಿದಳು.

"ನಮ್ಮಪ್ಪನ್ಗೂ ಇತ್ತು. ಸಾಯೋ ತನ್ಕ ಆ ಕಡೆ ಹೆಗಲ ಮೇಲೆ ತುಂಡು ಬಟ್ಟೆ ಹಾಕ್ತಿರ್ಲಿಲ್ಲ. ನಾವು ಕೊಳಂದೆಗಳು ಯಾರೂ ಆ ಕಡೆ ಹೋಗ್ತಿರ್ಲಿಲ್ಲ. ಹೇಳಿದ್ರೆ ಗೊತ್ತಾಗ್ತದಲ್ಲ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

ನಾನು ಹುಡುಗಿಯ ಕಡೆ ತಿರುಗಿ, ನಾಳೆಯಿಂದ ಶಾಲೆಗೆ ಬಾ ನನ್ನ ಕಣ್ಣು, ಮತ್ತೆ ಹೆಸರು ಬರೆಸುತ್ತೇನೆ ಎಂದೆ. ಅವಳು ಎಲೆಯಿಂದ ತಲೆ ಎತ್ತದೆ ಇಲ್ಲ ಎಂದು ತಲೆಯಾಡಿಸಿದಳು. ಇನ್ನೊಂದು ಸಲ ಕರೆದೆ. ಜೋಡಿಸಿದ ಕಟ್ಟನ್ನು ಎತ್ತಿಕೊಂಡು ಒಳಗೆ ಹೋದಳು.

ತಾಯಿ ಅವಳನ್ನು ಕರೆಯಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು.

"ಲೆಕ್ಕ ಸರಿಯಾಗೇ ಮಾಡ್ದೆ, ನಾ ಒಂದು ಮಾತೂ ಆಡ್ಲಿಲ್ಲ ಅಂತ ಆವತ್ತು ಸಂಜೆಯಿಂದ ಅಳ್ತಾನೇ ಇದ್ಲು ಟೀಚರಮ್ಮಾ. ಟೀಚರ್ ಸುಳ್ಳು ಹೇಳ್ತಾರಾ, ಸುಳ್ಳು ಹೇಳೋದು ನೀನು ಅಂತ ಅದಕ್ಕೂ ಹೊಡ್ದೆ. ನಾನು ಸುಳ್ಳು ಹೇಳ್ದೆ ಅಂತ ಅವಳು ಒಪ್ಕೊಳ್ಳೋ ತನ್ಕ ಹೊಡ್ದೆ."